ಮದುವೆಗೆ ಮುಂಚೆ ಇನ್ನೊಂದು ಸಲ ಸ್ಮೂತನಿಂಗ್ ಬೇಕಾ?

ಪ್ರಶ್ನೆ: ನನಗೆ 26 ವರ್ಷ. ಹುಟ್ಟಿನಿಂದ ಗುಂಗುರು ಕೂದಲು. ಕಾಲೇಜಿನಿಂದಲೂ ವರ್ಷಕ್ಕೊಮ್ಮೆ ಪಾರ್ಲರಿನಲ್ಲಿ ಸ್ಮೂತನಿಂಗ್ (ಕೆಮಿಕಲ್ ಹಚ್ಚಿ ಕೂದಲು ನೇರ ಮಾಡುವುದು) ಮಾಡಿಸುತ್ತಿದ್ದೇನೆ. ಈಗ ಬುಡ ಗುಂಗುರು, ಕೆಳಗೆ ನೇರ, ಬಾಚಿದರೆ ತುಂಡಾಗುತ್ತದೆ. ಬಿಟ್ಟುಬಿಡೋಣ ಅನಿಸಿದೆ. ಆದರೆ ಐದು ತಿಂಗಳಲ್ಲಿ ಮದುವೆ. "ಈ ತಲೆ ಇಟ್ಕೊಂಡು ಹಸೆಮಣೆ ಮೇಲೆ ಕೂರ್ತೀಯಾ? ಇದೊಂದ್ಸಲ ಮಾಡಿಸ್ಕೊ" ಅಂತಾರೆ ಅಮ್ಮ. ಹುಡುಗ ನನ್ನ ನಿಜವಾದ ಕೂದಲು ನೋಡಿಯೇ ಇಲ್ಲ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮಾಡಿಸಬೇಡಿ. ಕೂದಲು ಎಲ್ಲಿ ತುಂಡಾಗುತ್ತಿದೆ ಗಮನಿಸಿ: ಹೆಚ್ಚಾಗಿ ಗುಂಗುರು ಮುಗಿದು ನೇರ ಶುರುವಾಗುವ ಗಡಿಯಲ್ಲೇ. ಸ್ಮೂತನಿಂಗ್ ಕ್ರೀಮಿನಲ್ಲಿರುವ ಥಯೋಗ್ಲೈಕೊಲೇಟ್ ಎಂಬ ರಾಸಾಯನಿಕ ಕೂದಲೊಳಗಿನ ಗಂಧಕದ ಬಂಧಗಳನ್ನು ಬಿಡಿಸುತ್ತದೆ. ಇಸ್ತ್ರಿ ಎಳೆದಾದ ಮೇಲೆ ಹಚ್ಚುವ ನ್ಯೂಟ್ರಲೈಜರ್ ಅವನ್ನು ಮತ್ತೆ ಕಟ್ಟುತ್ತದೆ, ಆದರೆ ಎಲ್ಲವನ್ನೂ ಅಲ್ಲ. ಬುಡಕ್ಕೆ ಹಚ್ಚುವ ಕ್ರೀಮು ಹಳೆಯ ಭಾಗಕ್ಕೂ ತಾಗಿದರೆ ಅಲ್ಲಿಂದಲೇ ಮುರಿಯುತ್ತದೆ. "ಕೆರಾಟಿನ್ ಮಾಡಿಸಿ, ಕೆಮಿಕಲ್ ಇಲ್ಲ" ಅಂತ ಪಾರ್ಲರಿನವರು ಇನ್ನೊಂದು ಬಗೆಯ ನೇರಗೊಳಿಸುವಿಕೆ ಹೇಳಿದರೂ ಒಪ್ಪಬೇಡಿ. ಅಂಥ ಹಲವದರಲ್ಲಿ ಫಾರ್ಮಾಲ್ಡಿಹೈಡ್ ಅಥವಾ ಗ್ಲೈಆಕ್ಸಿಲಿಕ್ ಆಮ್ಲ ಇರುತ್ತದೆ. ಎರಡನೆಯದನ್ನು ಬಳಸಿದ ಮೇಲೆ ಕಿಡ್ನಿಗೆ ತೊಂದರೆಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ.

ನೇರವಾದ ಭಾಗ ಯಾವ ಎಣ್ಣೆಗೂ ಮತ್ತೆ ಸುರುಳಿಯಾಗದು, ಕತ್ತರಿಸಿಯೇ ಹೋಗಬೇಕು. ಬೆಳವಣಿಗೆ ತಿಂಗಳಿಗೆ ಸುಮಾರು ಅರ್ಧ ಇಂಚು. ಮದುವೆ ಹತ್ತಿರ ಇರುವುದರಿಂದ ಒಮ್ಮೆಲೇ ಬೇಡ. ಎರಡು ತಿಂಗಳಿಗೊಮ್ಮೆ ಒಂದಿಂಚು ತೆಗೆಸಿ.

ತಲೆಸ್ನಾನ ವಾರಕ್ಕೆ ಒಂದೆರಡು ಸಲ, ಒಂದು ಗಂಟೆ ಮುಂಚೆ ಕೊಬ್ಬರಿ ಎಣ್ಣೆ. ಸಲ್ಫೇಟ್ ಇಲ್ಲದ ಶಾಂಪೂ ಬುಡಕ್ಕೆ ಮಾತ್ರ. ಕಂಡೀಷನರ್ ಧಾರಾಳವಾಗಿ ಹಚ್ಚಿ, ಅದು ತಲೆಯಲ್ಲಿರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ. ಗಡಿ ಹತ್ತಿರ ಬೆರಳೇ ಸಾಕು. ಒಣಗಿದ ಮೇಲೆ ಬಾಚಲೇಬೇಡಿ. ನಮ್ಮ ಮನೆಗಳಲ್ಲಿ ಗುಂಗುರಿಗೆ "ಪೊದೆ" ಅನ್ನೋ ಹೆಸರು ಬಂದದ್ದೇ ಒಣ ತಲೆ ಬಾಚಿ ಬಾಚಿ.

ಸುರುಳಿ ಹಿಡಿದು ನಿಲ್ಲಿಸುವ ಜೆಲ್ ಮನೆಯಲ್ಲೇ ಆಗುತ್ತದೆ. ಕಾಲು ಲೋಟ ಅಗಸೆ ಬೀಜಕ್ಕೆ ಎರಡು ಲೋಟ ನೀರು ಹಾಕಿ, ಕಲಕುತ್ತ ಏಳೆಂಟು ನಿಮಿಷ ಕುದಿಸಿ. ಸೌಟೆತ್ತಿದಾಗ ಲೋಳೆ ಎಳೆಎಳೆಯಾಗಿ ಇಳಿದರೆ ಒಲೆ ಆರಿಸಿ, ಬಿಸಿಯಲ್ಲೇ ಸೋಸಿ. ತಣ್ಣಗಾದರೆ ಬಟ್ಟೆಯಿಂದ ಇಳಿಯುವುದೇ ಇಲ್ಲ. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ನೀರು ತೊಟ್ಟಿಕ್ಕುವ ಕೂದಲಿಗೇ ಹಚ್ಚಿ, ಅಂಗೈಯಲ್ಲಿ ಮೇಲಕ್ಕೆ ಹಿಚುಕಿ, ಹಳೆಯ ಕಾಟನ್ ಟೀ ಶರ್ಟಿನಿಂದ ಒತ್ತಿ. ಒಣಗಿದಾಗ ಗರಿಗರಿ ಅನಿಸುತ್ತದೆ, ಗಾಬರಿ ಬೇಡ. ಎರಡು ಹನಿ ಎಣ್ಣೆ ಕೈಗೆ ಸವರಿಕೊಂಡು ಹಿಸುಕಿದರೆ ಮೆದುವಾಗುತ್ತದೆ. ನೇರ ತುದಿಗಳು ಎದ್ದು ಕಂಡರೆ ಒದ್ದೆಯಿರುವಾಗ ನಾಲ್ಕು ಸಡಿಲ ಜಡೆ ಹಾಕಿ, ಪೂರ್ತಿ ಒಣಗಿದ ಮೇಲೆ ಬಿಚ್ಚಿ.

ಗಡಸಾದ ಬೋರ್‌ವೆಲ್ ನೀರಾದರೆ ಎಷ್ಟು ಕಂಡೀಷನರ್ ಹಾಕಿದರೂ ಒರಟು ಹೋಗದು. ತಿಂಗಳಿಗೊಮ್ಮೆ ಇಡಿಟಿಎ (ಗಡಸು ನೀರಿನ ಲವಣ ತೆಗೆಯುವ ಅಂಶ) ಇರುವ ಶಾಂಪೂ ಬಳಸಿ. ಉದುರಿದ ಕೂದಲಿನ ಒಂದು ತುದಿಯಲ್ಲಿ ಬಿಳಿ ಗಂಟಿದ್ದರೆ ಅದು ಸಹಜ ಉದುರುವಿಕೆ. ದಿನಾ ಬಾಚದಿದ್ದರೆ ವಾರದ್ದೆಲ್ಲ ಒಂದೇ ದಿನ ಕೈಗೆ ಬರುತ್ತದೆ. ಗಂಟಿಲ್ಲದ ಗಿಡ್ಡ ತುಂಡುಗಳು ಮಾತ್ರ ಮುರಿದವು.

ಇನ್ನು ಹಸೆಮಣೆ. ಮೊಗ್ಗಿನ ಜಡೆಗೆ ನೇರ ಕೂದಲು ಬೇಕು ಅಂತ ಯಾರಂದರು? ಚೌರಿ, ಹೂವಿನಡಿ ನಿಮ್ಮ ತುದಿಗಳು ಯಾರಿಗೂ ಕಾಣುವುದಿಲ್ಲ. ಅಮ್ಮನಿಗೆ ಇದನ್ನೇ ಹೇಳಿ, ಒಂದು ತಿಂಗಳು ಮುಂಚೆ ಜಡೆ ಕಟ್ಟಿಸಿ ತೋರಿಸಿ. ಹೂವಿನ ಭಾರ ಬುಡದ ಗಂಟಿನ ಮೇಲಿರಲಿ, ತೆಳು ತುದಿಗಳ ಮೇಲಲ್ಲ. ಆ ದಿನ ಇಸ್ತ್ರಿ ಬೇಡವೆಂದು ಪಾರ್ಲರಿನವರಿಗೆ ಮೊದಲೇ ಹೇಳಿಡಿ.

ಹುಡುಗನ ವಿಷಯ ಐದು ತಿಂಗಳು ಕಾಯಬೇಕಾಗಿಲ್ಲ. ಮುಂದಿನ ತಲೆಸ್ನಾನದ ದಿನ ಕೂದಲು ಒಣಗಿದ ಮೇಲೆ ವಿಡಿಯೊ ಕಾಲ್ ಮಾಡಿ. "ಇನ್ಮೇಲೆ ಹೀಗೇ ಬಿಡ್ತೀನಿ" ಅನ್ನಿ, "ಬಿಡ್ಲಾ?" ಅಂತ ಕೇಳಬೇಡಿ.