ರಂಗ ಪ್ರಶ್ನೋತ್ತರ: ಪಾತ್ರದ ಆಯ್ಕೆಗೆ ಹೋಗುವ ಮುನ್ನ

ಪ್ರಶ್ನೆ: ನಾನು ಹಾವೇರಿ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಶಿಕ್ಷಕಿ, ವಯಸ್ಸು ನಲವತ್ತು ದಾಟಿದೆ. ಇಲ್ಲಿನ ಹವ್ಯಾಸಿ ತಂಡವೊಂದು ಹೊಸ ನಾಟಕಕ್ಕೆ ಆಡಿಷನ್ ಕರೆದಿದ್ದು, ಅನುಭವ ಕಡ್ಡಾಯವಲ್ಲ ಎಂದು ತಿಳಿಸಿದೆ. ಕಾಲೇಜು ಬಿಟ್ಟ ಮೇಲೆ ನಾನು ರಂಗದ ಮೇಲೆ ನಿಂತಿಲ್ಲ. ಅಲ್ಲಿ ಏನನ್ನು ನೋಡುತ್ತಾರೆ? ಏನು ಸಿದ್ಧಮಾಡಿಕೊಂಡು ಹೋಗಬೇಕು? ನನ್ನ ಮಾತಿನಲ್ಲಿ ಈ ಸೀಮೆಯ ಧಾಟಿ ಎದ್ದು ಕೇಳುತ್ತದೆ, ಅದು ಅಡ್ಡಿಯಾದೀತೆ?

ಉತ್ತರ: ದಯವಿಟ್ಟು ಹೋಗಿರಿ. ಈ ಭಾಗದಲ್ಲಿ ಮರಾಠಿ ನಾಟಕಗಳೇ ಮೆರೆಯುತ್ತಿದ್ದ 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, ನಿಮ್ಮಂತೆಯೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ನಿಮ್ಮ ಜಿಲ್ಲೆಯದೇ ಆದ ಹಾನಗಲ್ ತಾಲ್ಲೂಕಿನ ಶೇಷಗಿರಿ ಎಂಬ ಸಣ್ಣ ಊರಿನ ತಂಡವೂ ಊರಿನವರನ್ನೇ ಕಟ್ಟಿಕೊಂಡು ನಾಡಿನ ಹಲವೆಡೆ ನಾಟಕವಾಡಿ ಬಂದಿದೆ. ಹಗಲೆಲ್ಲ ಬೇರೆ ಕೆಲಸ ಮಾಡಿ ಸಂಜೆ ತಾಲೀಮಿಗೆ ಬರುವವರಿಂದಲೇ ಹವ್ಯಾಸಿ ರಂಗಭೂಮಿ ಉಳಿದಿದೆ.

ಆಯ್ಕೆಯ ದಿನ ನಿರ್ದೇಶಕರು ಪಕ್ವವಾದ ಅಭಿನಯವನ್ನು ನಿರೀಕ್ಷಿಸುವುದಿಲ್ಲ. ಅದು ತಾಲೀಮಿನಲ್ಲಿ ಆಗುವ ಕೆಲಸ. ಹೇಳಿದ್ದನ್ನು ಕೇಳಿಸಿಕೊಂಡು ಬದಲಾಗುವ ಶಕ್ತಿ ನಿಮ್ಮಲ್ಲಿದೆಯೇ ಎಂಬುದನ್ನು ಅವರು ನೋಡುತ್ತಾರೆ. ನೀವು ಸಿಟ್ಟಿನಿಂದ ಹೇಳಿದ ಮಾತನ್ನು 'ಈಗ ಇದನ್ನೇ ಮಗನನ್ನು ಬೇಡಿಕೊಳ್ಳುವಂತೆ ಹೇಳಿರಿ' ಎಂದು ಮತ್ತೊಮ್ಮೆ ಕೇಳಿದರೆ, ಮೊದಲನೆಯದು ತಪ್ಪಾಯಿತೆಂದು ಎದೆಗುಂದಬೇಡಿ. ಸಾಮಾನ್ಯವಾಗಿ ಅದು ಅವರಿಗೆ ನಿಮ್ಮಲ್ಲಿ ಆಸಕ್ತಿ ಹುಟ್ಟಿದ್ದರ ಗುರುತು. ಎದುರಿನವರು ಮಾತಾಡುವಾಗ ನೀವು ಹೇಗೆ ಕೇಳುತ್ತ ನಿಲ್ಲುತ್ತೀರಿ ಎಂಬುದನ್ನೂ ಗಮನಿಸುತ್ತಾರೆ. ತಮ್ಮ ಸರದಿಗಾಗಿ ಕಾಯುತ್ತ ಸುಮ್ಮನೆ ನಿಂತವರು ಕೂಡಲೇ ಎದ್ದು ಕಾಣುತ್ತಾರೆ.

ಸಿದ್ಧತೆಗೆ ಎರಡು ಭಾಗಗಳನ್ನು ಆರಿಸಿಕೊಳ್ಳಿ. ಒಂದು ಗಂಭೀರವಾಗಿರಲಿ, ಇನ್ನೊಂದು ಹಗುರವಾಗಿರಲಿ. ಎರಡೂ ಒಂದೆರಡು ನಿಮಿಷ ಮೀರದಿರಲಿ. ಬಾಯಿಪಾಠ ಮಾಡಿದ ಮೇಲೆ ಮನೆಗೆಲಸ ಮಾಡುತ್ತಲೇ ಹೇಳಿ ನೋಡಿ: ಕೈ ಬೇರೆ ಕಡೆ ಇದ್ದಾಗಲೂ ಮಾತು ತಪ್ಪದಿದ್ದರೆ ಅದು ನಿಮ್ಮದಾಗಿದೆ ಎಂದು ತಿಳಿಯಿರಿ. ಸ್ಥಳದಲ್ಲೇ ಹಾಳೆ ಕೊಟ್ಟು ಓದಿಸುವುದೂ ಉಂಟು, ಹೀಗಾಗಿ ಓದುವ ಕನ್ನಡಕವನ್ನು ಮರೆಯದೆ ಒಯ್ಯಿರಿ. ನಮ್ಮ ಭಾಗದ ನಾಟಕಗಳಲ್ಲಿ ಹಾಡಿಗೆ ದೊಡ್ಡ ಸ್ಥಾನವಿರುವುದರಿಂದ ರಂಗಗೀತೆಯದೋ ತತ್ವಪದದ್ದೋ ಒಂದು ನುಡಿಯನ್ನು ನಿಮ್ಮ ಕಂಠಕ್ಕೆ ಒಗ್ಗುವ ಶ್ರುತಿಯಲ್ಲಿ ಕಲಿತಿರಿ. ಪೇಟಿ (ಹಾರ್ಮೋನಿಯಂ) ನುಡಿಸುವ ಮಾಸ್ತರು ಸಂಗೀತದ ಪಾಂಡಿತ್ಯವನ್ನಲ್ಲ, ತಾಳ ಬಿಡದೆ ಹಾಡುವುದನ್ನು ನೋಡುತ್ತಾರೆ. ನೆಲದ ಮೇಲೆ ಕೂತು ಏಳಲು ಬರುವಂಥ ಉಡುಪು ತೊಟ್ಟುಕೊಳ್ಳಿ.

ಇನ್ನು ಧಾಟಿಯ ಮಾತು. ಬೇಂದ್ರೆಯವರೂ ಕಂಬಾರರೂ ನಾಟಕ ಬರೆದದ್ದು ಈ ಸೀಮೆಯ ಮಾತಿನಲ್ಲಿಯೇ. ಅಂಥ ಕೃತಿಯಾದರೆ ನಿಮ್ಮ ನಾಲಿಗೆ ತಂಡಕ್ಕೆ ಆಸ್ತಿ. ಪೌರಾಣಿಕವೋ ಗ್ರಾಂಥಿಕ ಕನ್ನಡದ ನಾಟಕವೋ ಆದರೆ, ನಾವು 'ಮನಿ', 'ಕುದುರಿ' ಎನ್ನುವಲ್ಲಿ ಕೊನೆಯ ಎಕಾರವನ್ನು ತಂದುಕೊಳ್ಳುವ ಅಭ್ಯಾಸ ಬೇಕು. ದಿನಾಲೂ ಹದಿನೈದು ನಿಮಿಷ ಗಟ್ಟಿಯಾಗಿ ಓದಿದರೆ ಅದು ಬರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಮಾತಿನ ಕೊನೆಯ ಪದ ನುಂಗದಿರುವುದು, ಏಕೆಂದರೆ ಮೈಕು ಇಲ್ಲದ ಕಡೆ ಹಿಂದಿನ ಸಾಲಿನವರಿಗೆ ಮೊದಲು ಕೇಳದೆ ಹೋಗುವುದು ಅದೇ.

ಆಯ್ಕೆಗೆ ಮುನ್ನವೇ ನೀವು ಪ್ರಾಮಾಣಿಕವಾಗಿ ಹೇಳಬೇಕಾದ ಸಂಗತಿ ನಿಮ್ಮ ಸಮಯ. ತಾಲೀಮು ಎಷ್ಟು ವಾರ, ಸಂಜೆ ಎಷ್ಟಕ್ಕೆ ಮುಗಿಯುತ್ತದೆ, ಊರಿಗೆ ಕೊನೆಯ ಬಸ್ಸು ಸಿಗುತ್ತದೆಯೇ ಎಂದು ಕೇಳಿರಿ. ಪರೀಕ್ಷೆ, ಮೌಲ್ಯಮಾಪನಗಳ ದಿನಗಳನ್ನು ಬರೆದುಕೊಡಿ. ಒಬ್ಬರು ಬಾರದ ದಿನ ಆ ದೃಶ್ಯದಲ್ಲಿರುವ ಎಲ್ಲರ ಸಂಜೆಯೂ ವ್ಯರ್ಥವಾಗುತ್ತದೆ. ಬರಲಾಗದ ದಿನಗಳನ್ನು ಮೊದಲೇ ಹೇಳಿದವರನ್ನು ಒಳ್ಳೆಯ ನಿರ್ದೇಶಕರು ದೂರ ಮಾಡುವುದಿಲ್ಲ.

ಪ್ರಶ್ನೆ: ಗದಗಿನಲ್ಲಿ ನಮ್ಮದೊಂದು ಸಣ್ಣ ತಂಡವಿದೆ. ಮುಖ್ಯ ಪಾತ್ರ ಸಿಗದವರು ತಂಡವನ್ನೇ ಬಿಟ್ಟುಹೋಗುತ್ತಿದ್ದಾರೆ. ಹಿರಿತನದ ಮೇಲೆ, ಅಥವಾ ಊರ ನಾಟಕಗಳಂತೆ ಹಾಕಿದ ಹಣದ ಮೇಲೆ, ಪಾತ್ರ ಹಂಚುವುದು ಸರಿಯೆ?

ಉತ್ತರ: ಎರಡೂ ಸರಿಯಲ್ಲ. ಜಾತ್ರೆಯ ನಾಟಕದಲ್ಲಿ ಪಾತ್ರಕ್ಕೆ ಹಣ ಹಾಕುವ ರೂಢಿಗೆ ಅದರದೇ ಕಾರಣವಿದೆ: ಸೀನರಿ, ಪೇಟಿ, ಹೊರಗಿನಿಂದ ಕರೆಸುವ ನಟಿಯರ ಖರ್ಚನ್ನು ಯಾರಾದರೂ ಹೊರಲೇಬೇಕು. ನಿಮ್ಮ ತಂಡ ಆ ಖರ್ಚನ್ನು ಎಲ್ಲರ ವಂತಿಗೆಯಿಂದ ತೂಗಿಸಿಕೊಂಡು, ಪಾತ್ರವನ್ನು ಮಾತ್ರ ಹಣದಿಂದ ಬೇರೆಯಾಗಿ ಇಡಲಿ. ಆಯ್ಕೆಗೆ ಮೊದಲು ಇಡೀ ನಾಟಕವನ್ನು ಎಲ್ಲರ ಮುಂದೆ ಒಮ್ಮೆ ಓದಿಸಿರಿ; ಸಣ್ಣ ಪಾತ್ರದ ತೂಕ ಆಗ ತಾನಾಗಿ ತಿಳಿಯುತ್ತದೆ. ಬಂದ ಪ್ರತಿಯೊಬ್ಬರಿಂದಲೂ ಕನಿಷ್ಠ ಎರಡು ಪಾತ್ರಗಳ ಮಾತು ಓದಿಸಿರಿ. ಆಯ್ಕೆಯಾಗದವರಿಗೆ ನಿರ್ದೇಶಕರೇ ಎದುರಿಗೆ ಕೂತು ಕಾರಣ ಹೇಳಬೇಕು, ಫಲಕದ ಮೇಲೆ ಹೆಸರಿನ ಪಟ್ಟಿ ಅಂಟಿಸಿ ಕೈ ತೊಳೆದುಕೊಳ್ಳಬಾರದು. ಬೆಳಕು, ಪ್ರಸಾಧನ, ಮೇಳಗಳಲ್ಲಿ ಅವರಿಗೆ ಕೆಲಸವಿದ್ದರೆ ಅದನ್ನೂ ಆ ಭೇಟಿಯಲ್ಲೇ ತಿಳಿಸಿರಿ. ಪ್ರಯೋಗದ ದಿನದ ಕರಪತ್ರದಲ್ಲಿ ಅವರ ಹೆಸರೂ ನಟರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿರಲಿ.