ಅಂಟುವುದು ಬೇರೆ, ಹಿಡಿಯುವುದು ಬೇರೆ

ನಮಸ್ಕಾರ. ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನ್‌ಗಳು ಕೋಶಕೇಂದ್ರದಲ್ಲಿ ಕೆಲಸ ಮಾಡುತ್ತವೆ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ಹಾಗಾದರೆ ಲಿವರ್ ಕೋಶದ ಒಳಪೊರೆಗಳಲ್ಲೂ ಅವು ಸಿಗುವುದೇಕೆ, ಸುಮ್ನೆ ಕೊಬ್ಬಿಗೆ ಅಂಟಿಕೊಂಡಿರುತ್ತವಾ ಎಂದು ಕೇಳಿದ್ದೀರಿ. ಟಿಬಿ ಮಾತ್ರೆ ನುಂಗುವಾಗ ಗರ್ಭನಿರೋಧಕ ಮಾತ್ರೆಯನ್ನು ನಂಬಬೇಡಿ ಎಂದು ಡಾಕ್ಟರು ನಿಮ್ಮ ಅತ್ತಿಗೆಗೆ ಹೇಳಿದ್ದನ್ನೂ ಬರೆದಿದ್ದೀರಿ. ಎರಡಕ್ಕೂ ನಂಟಿದೆ.

ಅಂಟುವುದು ನಿಜವೇ. ಇವು ಕೊಲೆಸ್ಟರಾಲ್‌ನಿಂದ ಹುಟ್ಟಿದ ಹಾರ್ಮೋನ್‌ಗಳು, ಕೊಬ್ಬಿನಲ್ಲಿ ಸಲೀಸಾಗಿ ಕರಗುತ್ತವೆ, ಪೊರೆಯೂ ಕೊಬ್ಬಿನ ಪದರವೇ ಅಲ್ವಾ? ಆದರೆ ಅಷ್ಟೇ ಅಲ್ಲ ಎಂದು ತಿಳಿಯಲು ಒಂದು ಚೆಂದದ ಪರೀಕ್ಷೆ ಇದೆ. ಲಿವರನ್ನು ಅರೆದು, ಭೂಮಿಯ ಸೆಳೆತದ ಸುಮಾರು 1,00,000 ಪಟ್ಟು ಬಲ ಬೀಳುವಷ್ಟು ಜೋರಾಗಿ ತಿರುಗಿಸಿ, ಒಳಪೊರೆಯ ಚೂರುಗಳನ್ನು ತಳಕ್ಕೆ ಇಳಿಸುತ್ತಾರೆ. ಇವನ್ನು ಮೈಕ್ರೋಸೋಮ್ ಎನ್ನುತ್ತಾರೆ. ಇದಕ್ಕೆ ವಿಕಿರಣದ ಗುರುತಿರುವ ಹಾರ್ಮೋನ್ ಚೂರೇ ಚೂರು ಬೆರೆಸುತ್ತಾರೆ. ಇನ್ನೊಂದು ನಳಿಕೆಗೆ ಅದರ ಜೊತೆ ಗುರುತಿಲ್ಲದ ಅದೇ ಹಾರ್ಮೋನನ್ನು ನೂರಾರು ಪಟ್ಟು ಜಾಸ್ತಿ ಹಾಕುತ್ತಾರೆ. ಕೊಬ್ಬಿನಲ್ಲಿ ಕರಗಿದ್ದು ಎರಡರಲ್ಲೂ ಹಾಗೇ ಉಳಿಯುತ್ತದೆ, ಅಲ್ಲಿ ಜಾಗಕ್ಕೆ ಬರವಿಲ್ಲ. ಪ್ರೋಟೀನ್ ಹಿಡಿದುಕೊಳ್ಳುವ ಜಾಗಗಳು ಮಾತ್ರ ಎಣಿಕೆಯವು, ಎರಡನೇ ನಳಿಕೆಯಲ್ಲಿ ಅವನ್ನು ಗುರುತಿಲ್ಲದ ಹಾರ್ಮೋನೇ ತುಂಬಿಬಿಡುತ್ತದೆ, ಗುರುತಿನ ಹಾರ್ಮೋನ್‌ಗೆ ಸೀಟು ಸಿಗುವುದಿಲ್ಲ. ಎರಡು ನಳಿಕೆಗಳ ವ್ಯತ್ಯಾಸವೇ ನಿಜವಾದ ಹಿಡಿತದ ಲೆಕ್ಕ.

1996ರಲ್ಲಿ ಜರ್ಮನಿಯ ಸಂಶೋಧಕರು ಹಂದಿಯ ಲಿವರ್‌ನ ಪೊರೆಯಿಂದಲೇ ಪ್ರೊಜೆಸ್ಟರಾನ್ ಹಿಡಿಯುವ ಪ್ರೋಟೀನೊಂದನ್ನು ಬೇರ್ಪಡಿಸಿದರು. ಈಗ ಅದನ್ನು ಪಿಜಿಆರ್‌ಎಂಸಿ1 ಎನ್ನುತ್ತಾರೆ. ನನಗೆ ಇದರಲ್ಲಿ ತುಂಬ ಹಿಡಿಸುವುದು ಏನೆಂದರೆ, ಇದು ರಕ್ತಕ್ಕೆ ಕೆಂಪು ಕೊಡುವ ಹೀಮ್ ಅನ್ನೇ ಹೊತ್ತಿದೆ, ಮತ್ತು ಅದೇ ಪೊರೆಯಲ್ಲಿರುವ ಸೈಟೋಕ್ರೋಮ್ ಪಿ450 ಕಿಣ್ವಗಳ ಜೊತೆ ಸೇರಿ ಕೆಲಸ ಮಾಡುತ್ತದೆ.

ಆ ಕಿಣ್ವಗಳಿಗೂ ಹಾರ್ಮೋನ್ ಬಂದು ಕೂರುತ್ತದೆ, ಆದರೆ ಅಪ್ಪಣೆ ಕೊಡಲು ಅಲ್ಲ, ತಾನೇ ಬದಲಾಗಿ ಹೊರಹೋಗಲು. ಪಿ450 ಅದಕ್ಕೆ ಆಮ್ಲಜನಕ ಸೇರಿಸುತ್ತದೆ. ಪೊರೆಯ ಒಳಬದಿಗೆ ಮುಖಮಾಡಿದ ಬೇರೆ ಕಿಣ್ವಗಳು ಸಕ್ಕರೆಯಂಥದ್ದೊಂದು ಅಣುವನ್ನು ಕಟ್ಟುತ್ತವೆ. ಆಗ ಅದು ನೀರಿನಲ್ಲಿ ಕರಗಿ ಮೂತ್ರಕ್ಕೋ ಪಿತ್ತಕ್ಕೋ ಸೇರುತ್ತದೆ.

ಟಿಬಿಗೆ ಕೊಡುವ ರಿಫಾಂಪಿಸಿನ್ ಲಿವರ್‌ನಲ್ಲಿ ಇಂಥ ಕಿಣ್ವಗಳನ್ನು, ಅದರಲ್ಲೂ ಸಿಪ್3ಎ4 ಎಂಬ ಪಿ450 ಕಿಣ್ವವನ್ನು, ಜಾಸ್ತಿ ತಯಾರಾಗುವಂತೆ ಮಾಡುತ್ತದೆ. ಗರ್ಭನಿರೋಧಕ ಮಾತ್ರೆಯ ಹಾರ್ಮೋನ್ ಬೇಗ ಖಾಲಿಯಾಗುತ್ತದೆ. ನಿಮ್ಮ ಅತ್ತಿಗೆಗೆ ಡಾಕ್ಟರು ಹೇಳಿದ್ದು ಸರಿ. ಟಿಬಿ ಮಾತ್ರೆಯನ್ನು ಯಾವ ಕಾರಣಕ್ಕೂ ನಿಲ್ಲಿಸುವುದು ಬೇಡ, ಗರ್ಭನಿರೋಧಕ್ಕೆ ಬೇರೆ ದಾರಿ ಕೇಳಲಿ. ಕಿಣ್ವಗಳು ತಕ್ಷಣ ಇಳಿಯುವುದಿಲ್ಲ, ಹಾಗಾಗಿ ರಿಫಾಂಪಿಸಿನ್ ಮುಗಿದ ಮೇಲೂ ಕನಿಷ್ಠ ನಾಲ್ಕು ವಾರ ಆ ದಾರಿಯನ್ನೇ ಮುಂದುವರಿಸಬೇಕು.