ತುಪ್ಪ ನಿಲ್ಲಿಸಬೇಡಿ, ಕ್ಯಾಪ್ಸೂಲ್ ಕೊಡುವ ರೀತಿ ಬದಲಿಸಿ

ಪ್ರಶ್ನೆ: ಮೇಡಂ, ನನ್ನ ಮಗನಿಗೆ 4 ವರ್ಷ. ಸಿಸ್ಟಿಕ್ ಫೈಬ್ರೋಸಿಸ್ (ಹುಟ್ಟಿನಿಂದಲೇ ಬರುವ, ಶ್ವಾಸಕೋಶ ಮತ್ತು ಜೀರ್ಣಾಂಗಗಳಲ್ಲಿ ಲೋಳೆ ಗಟ್ಟಿಯಾಗುವ ಕಾಯಿಲೆ) ಇದೆ. ಚೆನ್ನಾಗಿ ಉಣ್ಣುತ್ತಾನೆ, ಆದರೆ ಮೈ ಹತ್ತುವುದಿಲ್ಲ. ಮಲ ಜಿಡ್ಡುಜಿಡ್ಡಾಗಿ, ತುಂಬಾ ವಾಸನೆ ಬರುತ್ತದೆ. ಊಟ ಅರಗಿಸಲು ಕೊಟ್ಟಿರುವ ಎನ್ಜೈಮ್ ಕ್ಯಾಪ್ಸೂಲ್ ನುಂಗಲು ಅವನಿಗೆ ಬರುವುದಿಲ್ಲ. ಒಳಗಿನ ಕಾಳುಗಳನ್ನು ಪುಡಿ ಮಾಡಿ ಬಿಸಿ ಹಾಲಿನಲ್ಲಿ ಕೊಡುತ್ತೇನೆ. ಜಿಡ್ಡು ಅರಗುವುದಿಲ್ಲ ಎಂದು ಅತ್ತೆ ತುಪ್ಪ, ಶೇಂಗಾ ಎಲ್ಲ ಬಿಡಿಸಿದ್ದಾರೆ. ಇದು ಸರಿಯೇ?
– ಓದುಗರೊಬ್ಬರು, ರಾಯಚೂರು

ಉತ್ತರ: ಇವತ್ತೇ ತುಪ್ಪದ ಡಬ್ಬಿ ಮತ್ತೆ ತೆಗೆಯಿರಿ. ನಿಮ್ಮ ಅತ್ತೆಯವರ ಕಾಳಜಿ ಅರ್ಥವಾಗುತ್ತದೆ. ಹಿಂದೆ ಎಷ್ಟೋ ಆಸ್ಪತ್ರೆಗಳೂ ಈ ಮಕ್ಕಳಿಗೆ ಜಿಡ್ಡು ಬೇಡ ಅನ್ನುತ್ತಿದ್ದವು. ಕೆನಡಾದ ಟೊರಾಂಟೊದವರು ಮಾತ್ರ ಜಿಡ್ಡು ಧಾರಾಳವಾಗಿ ಕೊಟ್ಟು, ಅದಕ್ಕೆ ತಕ್ಕಂತೆ ಎನ್ಜೈಮ್ ಕೊಟ್ಟರು. 1988ರಲ್ಲಿ ಅಲ್ಲಿನ ರೋಗಿಗಳನ್ನು ಅಮೆರಿಕದ ಬಾಸ್ಟನ್‌ನವರ ಜೊತೆ ಹೋಲಿಸಿ ನೋಡಿದರು. ಶ್ವಾಸಕೋಶದ ಸ್ಥಿತಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಆದರೆ ಬದುಕಿನ ಮಧ್ಯಾಂಕ (ಅರ್ಧದಷ್ಟು ರೋಗಿಗಳು ದಾಟುವ ವಯಸ್ಸು) ಬಾಸ್ಟನ್‌ನಲ್ಲಿ 21 ವರ್ಷ, ಟೊರಾಂಟೊದಲ್ಲಿ 30! ಇಂದಿನ ಚಿಕಿತ್ಸೆಯಲ್ಲಿ ಎರಡೂ ಸಂಖ್ಯೆ ಹಳೆಯವಾದವು, ಹೆದರಬೇಡಿ. ಜಿಡ್ಡು ಬಿಡಿಸಬಾರದು ಎನ್ನುವುದು ಮಾತ್ರ ಅಂದಿನಿಂದ ಗಟ್ಟಿಯಾಯಿತು.

ನಿಮ್ಮ ಮಗನ ತೊಂದರೆ ಜಿಡ್ಡಿನದಲ್ಲ. ಮೇದೋಜೀರಕ ಗ್ರಂಥಿಯ ನಾಳಗಳಲ್ಲಿ ಗಟ್ಟಿ ಲೋಳೆ ಕಟ್ಟಿಕೊಂಡು ಜೀರ್ಣರಸ ಕರುಳಿಗೆ ಇಳಿಯುವುದಿಲ್ಲ. ಆ ಕೆಲಸವನ್ನು ಕ್ಯಾಪ್ಸೂಲ್ ಮಾಡಬೇಕು. ಆ ಕಾಳುಗಳ ಮೇಲಿನ ಲೇಪ ಹೊಟ್ಟೆಯ ಆಮ್ಲದಿಂದ ಔಷಧಿಯನ್ನು ಕಾಯುತ್ತದೆ. ಪುಡಿ ಮಾಡಿದರೆ ಆ ಲೇಪವೇ ಹೋಯಿತು, ಅಲ್ವಾ? ಹಾಲಿನಲ್ಲೂ ಅದು ಬೇಗ ಕರಗುತ್ತದೆ. ಬೇಯಿಸಿ ಆರಿಸಿದ ಸೇಬಿನ ತಿರುಳು ಒಂದು ಚಮಚ ತೆಗೆದುಕೊಂಡು, ಕಾಳುಗಳನ್ನು ಹಾಗೇ ಉದುರಿಸಿ, ತಕ್ಷಣ ಜಗಿಯದೆ ನುಂಗಿಸಿ. ಮೇಲೆ ನೀರು ಕುಡಿಸಿ. ಬಾಯಲ್ಲಿ ಕಾಳು ಉಳಿದರೆ ಹುಣ್ಣಾಗುತ್ತದೆ. ಊಟದ ಮೊದಲ ತುತ್ತಿಗೇ ಕೊಡಿ. ಅವನು ಆಡುತ್ತಾ ಬಹಳ ಹೊತ್ತು ಉಣ್ಣುವವನಾದರೆ ಅದೇ ಡೋಸನ್ನು ಎರಡು ಭಾಗ ಮಾಡಬಹುದೇ ಎಂದು ವೈದ್ಯರನ್ನು ಕೇಳಿ. ಹಾಲು ಕುಡಿಯುವಾಗಲೂ ಎನ್ಜೈಮ್ ಬೇಕು, ಬರೀ ಹಣ್ಣಿಗೆ ಬೇಡ. ಡೋಸ್ ಮಾತ್ರ ನೀವಾಗಿ ಏರಿಸಬೇಡಿ. ದಿನಕ್ಕೆ ಕೆಜಿ ತೂಕಕ್ಕೆ 10,000 ಲೈಪೇಸ್ (ಜಿಡ್ಡು ಅರಗಿಸುವ ಎನ್ಜೈಮ್) ಯೂನಿಟ್ ದಾಟಬಾರದು. ಡಬ್ಬಿಯನ್ನು ಒಲೆಯ ಪಕ್ಕ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ. ಶಾಖಕ್ಕೆ ಅದರ ಶಕ್ತಿ ಹೋಗುತ್ತದೆ.

ಇನ್ನು ಊಟ. ಜೋಳದ ರೊಟ್ಟಿಗೆ ತುಪ್ಪ, ಶೇಂಗಾ ಹಿಂಡಿ, ಕೆನೆ ಮೊಸರು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ. ನಿಮ್ಮ ಮನೆಯ ಅಡುಗೆಯೇ ಸಾಕು. ದುಬಾರಿ ಪ್ರೋಟೀನ್ ಪುಡಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಜಿಡ್ಡಿನ ಜೊತೆ ಮೈಗೆ ಸೇರುವ ಎ, ಡಿ, ಇ, ಕೆ ವಿಟಮಿನ್‌ಗಳನ್ನು ವೈದ್ಯರು ಬರೆದಿದ್ದರೆ ಅವನ್ನೂ ಎನ್ಜೈಮ್ ತೆಗೆದುಕೊಳ್ಳುವ ಊಟದ ಜೊತೆಗೇ ಕೊಡಿ.

ರಾಯಚೂರಿನ ಬೇಸಿಗೆ ನೆನೆದರೆ ಉಪ್ಪಿನದೇ ನನಗೆ ಜಾಸ್ತಿ ಚಿಂತೆ. ಈ ಮಕ್ಕಳ ಬೆವರಿನಲ್ಲಿ ಉಪ್ಪು ವಿಪರೀತ ಹೋಗುತ್ತದೆ. ದಿನಕ್ಕೆ ಎಷ್ಟು ಹೆಚ್ಚು ಉಪ್ಪು ಕೊಡಬೇಕು ಎಂದು ಬಿಸಿಲು ಏರುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳಿ. ಮಗು ಸಪ್ಪಗಾಗಿ ಬಿದ್ದುಕೊಂಡರೆ, ಊಟ ಬಿಟ್ಟರೆ, ವಾಂತಿಯಾದರೆ ಕಾಯಬೇಡಿ. ಆಸ್ಪತ್ರೆಗೆ ಹೋದ ಕೂಡಲೇ ಸಿಸ್ಟಿಕ್ ಫೈಬ್ರೋಸಿಸ್ ಇದೆ ಎಂದು ಹೇಳಿ, ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ನೋಡಿಸಿ.